ಹಳೆಯ ಮೋಟರ್‌ಹೋಮ್‌ನ ಎಂಜಿನ್ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಬ್ಯುರೇಟರ್ ಅಥವಾ ಆರಂಭಿಕ ಕಾಲದ ಫ್ಯೂಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್‌ಗಳನ್ನೂ, ಯಾಂತ್ರಿಕ ಇಂಜೆಕ್ಷನ್ ಪಂಪ್ ಇರುವ ಡೀಸೆಲ್ ಎಂಜಿನ್‌ಗಳನ್ನೂ ಹೊಂದಿರುವ ಹಳೆಯ ಮೋಟರ್‌ಹೋಮ್‌ಗಳನ್ನು, ಅಂದರೆ ಒಳಗೇ ವಾಸಿಸುವ ಸೌಕರ್ಯವಿರುವ ವಾಹನಗಳನ್ನು, ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಇವುಗಳ ಎಂಜಿನ್‌ಗಳು ಸಾಮಾನ್ಯವಾಗಿ ಟ್ರಕ್ ಅಥವಾ ವ್ಯಾನ್‌ಗಳಿಂದಲೇ ಬಂದಂಥವು, ಗಟ್ಟಿಮುಟ್ಟಾದಂಥವು. ಆದರೆ ಅವು ಬದುಕುವ ರೀತಿ ಬೇರೆ: ವರ್ಷದ ಬಹುಪಾಲು ನಿಂತಲ್ಲೇ ನಿಂತಿರುತ್ತವೆ, ಹೊರಟಾಗ ಪೂರ್ತಿ ಭಾರ ಹೊತ್ತು ಏರು ಹತ್ತುತ್ತವೆ, ಅದೂ ಗಾಳಿಯಾಡದ ಇಕ್ಕಟ್ಟಾದ ಗೂಡಿನೊಳಗೆ. ಆದ್ದರಿಂದ ಇವುಗಳಲ್ಲಿ ಕಾಣಿಸುವ ದೋಷಗಳಲ್ಲಿ ಹೆಚ್ಚಿನವು ಸವೆತದಿಂದ ಬಂದವಲ್ಲ. ನಿಂತದ್ದರಿಂದ, ಬಿಸಿಯಿಂದ ಮತ್ತು ತುಕ್ಕು ಹಿಡಿದ ಜೋಡಣೆಗಳಿಂದ ಬಂದವು. ಅಳೆದು ನೋಡದೆ ಬಿಡಿಭಾಗ ಬದಲಾಯಿಸಬಾರದು ಎಂಬುದು ಕೆಳಗಿನ ಎಲ್ಲ ಉತ್ತರಗಳಿಗೂ ಅನ್ವಯಿಸುತ್ತದೆ.

ಎಂಜಿನ್‌ಗೆ ಕೈಹಾಕುವ ಮೊದಲು ಯಾವ ಎಚ್ಚರಿಕೆಗಳನ್ನು ತೆಗೆದುಕೊಳ್ಳಬೇಕು?

ಮೊಟ್ಟಮೊದಲು ಅಡುಗೆ ಅನಿಲದ ಸಿಲಿಂಡರನ್ನು ಮುಖ್ಯ ವಾಲ್ವ್‌ನಲ್ಲೇ ಬಂದ್ ಮಾಡಬೇಕು. ಕಾರಿನಲ್ಲಿ ಇಲ್ಲದ ಒಂದು ಅಪಾಯ ಇಲ್ಲಿದೆ. ಅನಿಲದಿಂದ ಓಡುವ ಫ್ರಿಜ್ ಮತ್ತು ನೀರು ಕಾಯಿಸುವ ಹೀಟರ್‌ಗಳೊಳಗೆ ಸಣ್ಣ ಜ್ವಾಲೆ ಉರಿಯುತ್ತಿರುತ್ತದೆ, ಅಥವಾ ತನ್ನಷ್ಟಕ್ಕೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಿದು ಆ ಜ್ವಾಲೆಯನ್ನು ತಲುಪಬಲ್ಲದು. ಇಂಧನದ ಕೊಳವೆ ಬಿಚ್ಚುವ ಯಾವ ಕೆಲಸವನ್ನೂ ಅನಿಲ ಬಂದ್ ಆಗದೆ ಶುರುಮಾಡಬಾರದು.

ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು, ಅಗ್ನಿಶಾಮಕವನ್ನು ಕೈಗೆಟುಕುವ ಹಾಗೆ ಇಟ್ಟುಕೊಳ್ಳಬೇಕು. ವಾಹನವನ್ನು ಸಮತಟ್ಟಾಗಿ ನಿಲ್ಲಿಸಲು ಕೊಟ್ಟಿರುವ ಹೈಡ್ರಾಲಿಕ್ ಕಾಲುಗಳನ್ನು ನಂಬಿ ಅದರಡಿಗೆ ನುಸುಳುವುದು ಪ್ರಾಣಾಪಾಯದ ಕೆಲಸ. ಅವು ಅಷ್ಟು ಭಾರವನ್ನು ಹೊತ್ತು ಮನುಷ್ಯನನ್ನು ಕಾಯಲೆಂದು ಮಾಡಿದವಲ್ಲ.

ಕೀಲಿ ತಿರುಗಿಸಿದರೆ "ಟಿಕ್" ಎಂಬ ಸದ್ದು ಮಾತ್ರ ಬರುತ್ತದೆ, ಎಂಜಿನ್ ತಿರುಗುವುದಿಲ್ಲ. ಸ್ಟಾರ್ಟರ್ ಮೋಟರ್ ಹೋಗಿದೆಯೇ?

ಹೋಗಿರಬಹುದು, ಆದರೆ ಆ ತೀರ್ಮಾನಕ್ಕೆ ಕೊನೆಯಲ್ಲಿ ಬರಬೇಕು. ಮೋಟರ್‌ಹೋಮ್‌ನಲ್ಲಿ ಎರಡು ಬಗೆಯ ಬ್ಯಾಟರಿಗಳಿರುತ್ತವೆ: ಎಂಜಿನ್ ಎಬ್ಬಿಸುವುದಕ್ಕೆ ಒಂದು, ಒಳಗಿನ ದೀಪ, ಪಂಪ್, ಫ್ಯಾನ್‌ಗಳಿಗೆ ಇನ್ನೊಂದು. ಒಳಗೆ ದೀಪ ಚೆನ್ನಾಗಿ ಉರಿಯುತ್ತಿದೆ ಎಂಬುದರಿಂದ ಎಂಜಿನ್ ಬ್ಯಾಟರಿ ಸರಿಯಿದೆ ಎಂದು ತಿಳಿಯುವಂತಿಲ್ಲ. ಮಲ್ಟಿಮೀಟರ್ ಹಿಡಿದು ಎಂಜಿನ್ ಬ್ಯಾಟರಿಯನ್ನೇ ನೋಡಬೇಕು. ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಸುಮಾರು 12.6 ವೋಲ್ಟ್ ಇದ್ದರೆ ಅದು ಪೂರ್ತಿ ಚಾರ್ಜ್ ಆಗಿದೆ; 12.2ರ ಆಸುಪಾಸಿನಲ್ಲಿದ್ದರೆ ಅರ್ಧ ಖಾಲಿಯಾಗಿದೆ. ಅದಕ್ಕಿಂತಲೂ ಮುಖ್ಯವಾದದ್ದು ಸ್ಟಾರ್ಟರ್ ತಿರುಗಿಸುವಾಗ ಉಳಿಯುವ ವೋಲ್ಟೇಜ್. ಕೀಲಿ ತಿರುಗಿಸಿದ ಕ್ಷಣ ಅದು 9.6ಕ್ಕಿಂತ ಕೆಳಗೆ ಕುಸಿದರೆ, ಬ್ಯಾಟರಿ ನೋಡಲು ಚೆನ್ನಾಗಿದ್ದರೂ ಭಾರ ತಾಳುತ್ತಿಲ್ಲ ಎಂದರ್ಥ.

ಬ್ಯಾಟರಿ ಸರಿಯಿದ್ದರೆ ಮುಂದೆ ಕೇಬಲ್‌ಗಳನ್ನು ನೋಡಬೇಕು. ಬ್ಯಾಟರಿ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ ಇರುವ ದೊಡ್ಡ ವಾಹನಗಳಲ್ಲಿ ಈ ಕೇಬಲ್‌ಗಳು ಹಲವು ಮೀಟರ್ ಉದ್ದವಿರುತ್ತವೆ, ದಾರಿಯುದ್ದಕ್ಕೂ ರಸ್ತೆಯ ನೀರು, ಕೆಸರು ತಿನ್ನುತ್ತವೆ. ಇಗ್ನಿಷನ್ ಕೆಲಸ ಮಾಡದಂತೆ ಕಾಯಿಲ್‌ನ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಸುರುಳಿಯ) ತಂತಿ ಬಿಚ್ಚಿಟ್ಟು, ಮೀಟರಿನ ಕೆಂಪು ತುದಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ, ಕಪ್ಪು ತುದಿಯನ್ನು ಸ್ಟಾರ್ಟರ್ ಮೇಲಿನ ದಪ್ಪ ಬೋಲ್ಟಿಗೂ ಹಿಡಿದು, ಮತ್ತೊಬ್ಬರಿಂದ ಕೀಲಿ ತಿರುಗಿಸಿಸಬೇಕು. ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ಶಕ್ತಿ ಕೇಬಲ್‌ನಲ್ಲೇ ಬಿಸಿಯಾಗಿ ಕಳೆದುಹೋಗುತ್ತಿದೆ. ಇದೇ ರೀತಿ ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕ್‌ಗೆ ಹಿಡಿದರೆ 0.3 ವೋಲ್ಟಿಗಿಂತ ಕಡಿಮೆ ಇರಬೇಕು. ಹಳೆಯ ವಾಹನಗಳಲ್ಲಿ ತಪ್ಪುವುದು ಹೆಚ್ಚಾಗಿ ಈ ಎರಡನೆಯ ಅಳತೆಯೇ. ಎಂಜಿನ್‌ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಇರುತ್ತದೆ. ಬೋಲ್ಟ್ ಬಿಚ್ಚಿದಾಗ ಅದರ ತುದಿಯ ಕೆಳಗೆ ತುಕ್ಕಿನ ಪದರ, ಎಳೆಗಳ ನಡುವೆ ಹಸಿರು ಪುಡಿ, ಬೆರಳಿನಿಂದ ಬಗ್ಗಿಸಿದರೆ ಲಟಲಟನೆ ಮುರಿಯುವ ತಂತಿಗಳು ಕಾಣುತ್ತವೆ. ಅದನ್ನು ಬದಲಾಯಿಸಿ, ಅದು ಕೂರುವ ಜಾಗದ ಬಣ್ಣವನ್ನು ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದರೆ ಎಷ್ಟೋ "ಕೆಟ್ಟುಹೋದ" ಸ್ಟಾರ್ಟರ್‌ಗಳು ಮತ್ತೆ ತಿರುಗುತ್ತವೆ.

ತಣ್ಣಗಿದ್ದಾಗ ಚೆನ್ನಾಗಿ ತಿರುಗಿ, ಓಡಿಸಿ ನಿಲ್ಲಿಸಿದ ಮೇಲೆ ಮಾತ್ರ ತಿರುಗದಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆಯ) ಬಿಸಿ ಸ್ಟಾರ್ಟರ್‌ನ ಸೊಲೆನಾಯ್ಡ್‌ಗೆ (ವಿದ್ಯುತ್ಕಾಂತದ ಸ್ವಿಚ್‌ಗೆ) ತಟ್ಟುತ್ತಿದೆ ಎಂದು ಶಂಕಿಸಬೇಕು. ದೊಡ್ಡ ವಿ8 ಎಂಜಿನ್‌ಗಳಲ್ಲಿ ಇದು ಬಹಳ ಹಳೆಯ ದೂರು. ನಡುವೆ ಶಾಖ ತಡೆಯುವ ತಗಡು ಹಾಕುವುದು, ಸೊಲೆನಾಯ್ಡ್‌ಗೆ ಹೋಗುವ ಸಣ್ಣ ತಂತಿಗೆ ಪ್ರತ್ಯೇಕ ರಿಲೇ ಕೊಡುವುದು ಪರಿಹಾರ. ಆಟೋಮ್ಯಾಟಿಕ್ ಗೇರ್ ಇದ್ದರೆ ಲಿವರನ್ನು "ನ್ಯೂಟ್ರಲ್"ಗೆ ತಂದು ಒಮ್ಮೆ ಪ್ರಯತ್ನಿಸಬೇಕು. ಗೇರ್ ಲಿವರ್‌ನ ಸುರಕ್ಷತಾ ಸ್ವಿಚ್ ಸವೆದಿದ್ದರೆ "ಪಾರ್ಕ್"ನಲ್ಲಿ ಸ್ಟಾರ್ಟರ್ ಸುಮ್ಮನಿರುತ್ತದೆ.

ಹೊಸ ಬ್ಯಾಟರಿ ಹಾಕಿದರೂ ಎರಡು ವಾರ ನಿಂತರೆ ಖಾಲಿಯಾಗುತ್ತದೆ. ಏಕೆ?

ಕೀಲಿ ತೆಗೆದ ಮೇಲೂ ಏನೋ ಒಂದು ವಿದ್ಯುತ್ ಹೀರುತ್ತಿದೆ. ಅನಿಲ ಸೋರಿಕೆಯ ಎಚ್ಚರಿಕೆ ಸಾಧನ, ರೇಡಿಯೋ, ಹಿಂದಿನ ಮಾಲೀಕರು ಎಲ್ಲೆಲ್ಲೋ ಜೋಡಿಸಿದ ಉಪಕರಣಗಳು ಸಾಮಾನ್ಯ ಕಾರಣಗಳು. ನೆಗೆಟಿವ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲಿಗೂ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿಟ್ಟು ನೋಡಿ; 50 ಮಿಲಿಆಂಪಿಯರ್‌ಗಿಂತ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವ ಫ್ಯೂಸ್ ತೆಗೆದಾಗ ಸಂಖ್ಯೆ ಬೀಳುತ್ತದೋ ಕಳ್ಳ ಅಲ್ಲಿದ್ದಾನೆ.

ಇನ್ನೊಂದು ಸಾಧ್ಯತೆ, ಓಡುವಾಗ ಬ್ಯಾಟರಿ ಪೂರ್ತಿ ಚಾರ್ಜೇ ಆಗುತ್ತಿಲ್ಲ ಎಂಬುದು. ಎಂಜಿನ್ ಓಡುವಾಗ ಕಂಬಗಳ ನಡುವೆ 13.8ರಿಂದ 14.5 ವೋಲ್ಟ್ ಇರಬೇಕು. ಎರಡು ಬ್ಯಾಟರಿಗಳನ್ನು ಬೇರ್ಪಡಿಸಲು ಹಳೆಯ ವಾಹನಗಳಲ್ಲಿ ಡಯೋಡ್ ಇರುವ ಐಸೋಲೇಟರ್ ಬಳಸುತ್ತಿದ್ದರು. ಡಯೋಡ್ ತಾನೇ ಸುಮಾರು 0.7 ವೋಲ್ಟ್ ನುಂಗುತ್ತದೆ. ಆಲ್ಟರ್ನೇಟರ್‌ನ ವೋಲ್ಟೇಜ್ ಗ್ರಹಿಸುವ ತಂತಿಯನ್ನು ಡಯೋಡಿನ ಆಚೆ, ಅಂದರೆ ಬ್ಯಾಟರಿಯ ಕಡೆ, ಜೋಡಿಸದಿದ್ದರೆ ಬ್ಯಾಟರಿ ಎಂದೆಂದೂ ಅರೆಹೊಟ್ಟೆಯಲ್ಲೇ ಇರುತ್ತದೆ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಎಲ್ಲಿಂದ ಹುಡುಕಬೇಕು?

ಪೆಟ್ರೋಲ್ ಎಂಜಿನ್‌ಗೆ ಇಂಧನ, ಸರಿಯಾದ ಹೊತ್ತಿಗೆ ಕಿಡಿ, ಒತ್ತಡ ಈ ಮೂರು ಸಿಕ್ಕರೆ ಅದು ಹೊತ್ತಲೇಬೇಕು. ಯಾವುದು ಇಲ್ಲ ಎಂಬುದನ್ನು ಮೊದಲು ಗುರುತಿಸಬೇಕು, ಕಾರಣ ಆಮೇಲೆ.

ಕಿಡಿಯನ್ನು ಪರೀಕ್ಷಿಸಲು ಸ್ಪಾರ್ಕ್ ಟೆಸ್ಟರ್ ಎಂಬ ಸಣ್ಣ ಸಾಧನ ಸಿಗುತ್ತದೆ; ಪ್ಲಗ್ ವಯರಿನ ತುದಿಗೆ ಸಿಕ್ಕಿಸಿ ಎಂಜಿನ್ ಬ್ಲಾಕ್‌ಗೆ ಕಚ್ಚಿಸಿದರೆ ಸಾಕು. ದಪ್ಪನಾದ ನೀಲಿ ಕಿಡಿ ಚಟಚಟ ಎಂದರೆ ಇಗ್ನಿಷನ್ ಸರಿ. ತೆಳು ಹಳದಿ ಕಿಡಿಯಾದರೆ ಅಥವಾ ಕಿಡಿಯೇ ಇಲ್ಲದಿದ್ದರೆ ಕಿಡಿಯನ್ನು ಒಂದೊಂದು ಪ್ಲಗ್‌ಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು ಒಳಗೆ ತೇವ, ಕಪ್ಪು ಗೆರೆಯಂಥ ಬಿರುಕು, ಸುಟ್ಟ ತುದಿಗಳಿವೆಯೇ ನೋಡಬೇಕು. ಪಾಯಿಂಟ್ (ಕಾಯಿಲ್‌ನ ವಿದ್ಯುತ್ತನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಇರುವ ಎಂಜಿನ್ ಬಹುಕಾಲ ನಿಂತರೆ ಪಾಯಿಂಟಿನ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟಿ ವಿದ್ಯುತ್ ಹರಿಯುವುದೇ ನಿಲ್ಲುತ್ತದೆ. ಅಲ್ಲಿ ನುಣುಪು ಕಾಗದ ಎಳೆದು ಒರೆಸಿ ಗ್ಯಾಪ್ ಸರಿಮಾಡುವುದಷ್ಟೇ ಕೆಲಸ.

ಕೀಲಿಯನ್ನು ಸ್ಟಾರ್ಟ್ ಕಡೆ ಹಿಡಿದಿರುವಾಗ ಎಂಜಿನ್ ಹೊತ್ತಿಕೊಂಡು, ಕೈಬಿಟ್ಟ ಕೂಡಲೇ ಸಾಯುವುದು ಬಹಳ ನಿರ್ದಿಷ್ಟವಾದ ಲಕ್ಷಣ. ಕಾಯಿಲ್‌ಗೆ ಮೊದಲು ಬರುವ ಬ್ಯಾಲಾಸ್ಟ್ ರೆಸಿಸ್ಟರ್ ಸುಟ್ಟಾಗ ಹೀಗಾಗುತ್ತದೆ, ಏಕೆಂದರೆ ಸ್ಟಾರ್ಟ್ ಮಾಡುವಾಗ ವಿದ್ಯುತ್ ಅದನ್ನು ಬಳಸಿಕೊಳ್ಳದೆ ನೇರವಾಗಿ ಕಾಯಿಲ್‌ಗೆ ಹೋಗುತ್ತದೆ. ಡಾಜ್ ಚಾಸಿಯ ಹಳೆಯ ಮೋಟರ್‌ಹೋಮ್‌ಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಅನುಭವಿಗಳು ಒಂದು ಹೆಚ್ಚುವರಿ ರೆಸಿಸ್ಟರನ್ನು ಯಾವಾಗಲೂ ಜೊತೆಗಿಟ್ಟುಕೊಳ್ಳುತ್ತಾರೆ.

ಇಂಧನದ ವಿಷಯಕ್ಕೆ ಬಂದರೆ, ಗೇಜ್ ಹೇಳುವುದನ್ನು ನಂಬಬಾರದು. ಎರಡು ಟ್ಯಾಂಕ್ ಇರುವ ವಾಹನವಾದರೆ ಟ್ಯಾಂಕ್ ಬದಲಿಸುವ ವಾಲ್ವ್ ಖಾಲಿ ಟ್ಯಾಂಕಿನ ಕಡೆಗೇ ಸಿಕ್ಕಿಕೊಂಡಿರಬಹುದು. ಇಲ್ಲಿ ಜನರೇಟರ್ ಒಂದು ಸುಳಿವು ಕೊಡುತ್ತದೆ: ಅದು ಎಂಜಿನ್‌ನ ಟ್ಯಾಂಕಿನಿಂದಲೇ ಇಂಧನ ಪಡೆಯುವ ವಾಹನಗಳಲ್ಲಿ ಅದರ ಕೊಳವೆಯನ್ನು ಟ್ಯಾಂಕಿನ ತಳದಿಂದ ಸಾಕಷ್ಟು ಮೇಲೆ ಇಟ್ಟಿರುತ್ತಾರೆ, ರಾತ್ರಿಯಿಡೀ ಓಡಿಸಿದರೂ ಮುಂದಿನ ಬಂಕ್ ತಲುಪುವಷ್ಟು ಇಂಧನ ಉಳಿಯಲೆಂದು. ಕಾಲು ಟ್ಯಾಂಕ್ ಇರುವಾಗ ಜನರೇಟರ್ ನಿಂತರೆ ಅದು ದೋಷವಲ್ಲ. ಆದರೆ ಜನರೇಟರ್ ನಿರಾಳವಾಗಿ ಓಡುತ್ತಿದ್ದು ಎಂಜಿನ್ ಮಾತ್ರ ಹೊತ್ತದಿದ್ದರೆ ಟ್ಯಾಂಕಿನಲ್ಲಿ ಇಂಧನವಿದೆ, ತೊಂದರೆ ಅಲ್ಲಿಂದ ಮುಂದೆ ಎಂದು ಧೈರ್ಯವಾಗಿ ಹೇಳಬಹುದು. ಕಾರ್ಬ್ಯುರೇಟರ್ ಎಂಜಿನ್‌ನ ಯಾಂತ್ರಿಕ ಪಂಪ್ ಸುಮಾರು 4ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಡಬೇಕು. 1980ರ ದಶಕದ ಕೊನೆಯ ಷೆವ್ರೊಲೆ 454 ಎಂಜಿನ್‌ನಲ್ಲಿರುವಂಥ ಥ್ರಾಟಲ್ ಬಾಡಿ ಇಂಜೆಕ್ಷನ್‌ಗೆ (ಕಾರ್ಬ್ಯುರೇಟರ್ ಜಾಗದಲ್ಲೇ ಇಂಧನ ಸಿಂಪಡಿಸುವ ವ್ಯವಸ್ಥೆಗೆ) 9ರಿಂದ 13 ಪಿಎಸ್‌ಐ ಬೇಕು.

ಒಂದು ವರ್ಷದ ಹಿಂದಿನ ಪೆಟ್ರೋಲ್ ಟ್ಯಾಂಕಿನಲ್ಲಿದೆ. ಬಳಸಬಹುದೇ?

ಮೂಸಿ ನೋಡಿ. ಒಳ್ಳೆಯ ಪೆಟ್ರೋಲ್ ಮೂಗಿಗೆ ಚುರುಕಾಗಿ ತಟ್ಟುತ್ತದೆ, ಹಳಸಿದ್ದು ವಾರ್ನಿಷ್‌ನಂತೆ ಹುಳಿ ವಾಸನೆ ಬೀರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ನೀರಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಎಂಜಿನ್‌ನ ಕೊಳವೆ ಹೀರುವುದು ಆ ತಳದಿಂದಲೇ. ಒಂದು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟಾಗ ಎರಡು ಪದರ ಕಂಡರೆ ಪೂರ್ತಿ ಖಾಲಿ ಮಾಡುವುದೊಂದೇ ದಾರಿ. ಯಾವ ಔಷಧಿ ಸುರಿದರೂ ಅದು ಮತ್ತೆ ಒಂದಾಗುವುದಿಲ್ಲ. ಇದೇ ಹೊತ್ತಿನಲ್ಲಿ ರಬ್ಬರ್ ಕೊಳವೆಗಳನ್ನೂ ಹಿಚುಕಿ ನೋಡುವುದು ಒಳ್ಳೆಯದು. ಎಥನಾಲ್ ಬರುವ ಮುಂಚಿನ ಕಾಲದ ರಬ್ಬರ್ ಒಳಗಿನಿಂದ ಮೆತ್ತಗಾಗಿ ಉದುರುತ್ತದೆ, ಹೊರಗೆ ಬಿರುಕು ಬಿಡುತ್ತದೆ. ಬಿಸಿ ಎಂಜಿನ್ ಮೇಲೆ ಸೋರುವ ಹಳೆಯ ಕೊಳವೆಯಷ್ಟು ದೊಡ್ಡ ಬೆಂಕಿಯ ಅಪಾಯ ಈ ವಾಹನಗಳಲ್ಲಿ ಮತ್ತೊಂದಿಲ್ಲ. ವಯಸ್ಸು ಗೊತ್ತಿಲ್ಲದ ಕೊಳವೆಯನ್ನು ಪರೀಕ್ಷಿಸುತ್ತ ಕೂರದೆ ಬದಲಾಯಿಸುವುದೇ ಸರಿ. ಅಳೆಯದೆ ಬದಲಾಯಿಸಬಾರದೆಂಬ ನಿಯಮಕ್ಕೆ ಇದೊಂದು ಅಪವಾದ.

ಏರು ಹತ್ತುವಾಗ ಬಿಸಿಯಾಗಿ ಎಂಜಿನ್ ಸಾಯುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತದೆ. ಇದು ವೇಪರ್ ಲಾಕ್ (ಕೊಳವೆಯಲ್ಲೇ ಪೆಟ್ರೋಲ್ ಆವಿಯಾಗುವುದು) ಅಲ್ಲವೇ?

ಎಲ್ಲರೂ ಮೊದಲು ಹೇಳುವುದು ಅದನ್ನೇ, ಬಹಳ ಸಲ ಅದು ನಿಜವೂ ಹೌದು. ಯಾಂತ್ರಿಕ ಪಂಪ್ ಎಂಜಿನ್‌ಗೆ ಅಂಟಿಕೊಂಡಿದ್ದು, ಹಲವು ಮೀಟರ್ ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಎಳೆಯುವ ಕೊಳವೆಯೊಳಗೆ ಒತ್ತಡ ವಾತಾವರಣಕ್ಕಿಂತ ಕಡಿಮೆ ಇರುವುದರಿಂದ ಪೆಟ್ರೋಲ್ ಇನ್ನೂ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಎಕ್ಸಾಸ್ಟ್ ಪೈಪಿನ ಪಕ್ಕ ಆ ಕೊಳವೆ ಹಾದುಹೋದರೆ, ಪಂಪ್‌ಗೆ ದ್ರವದ ಬದಲು ಆವಿ ಸಿಗುತ್ತದೆ, ಆವಿಯನ್ನು ಅದು ತಳ್ಳಲಾರದು.

ಆದರೆ ಬಿಸಿಯಾದಾಗ ಸತ್ತು ತಣ್ಣಗಾದಾಗ ಬದುಕುವ ದೋಷಗಳು ಇನ್ನೂ ಮೂರಿವೆ: ಬಿಸಿಗೆ ಕೈಕೊಡುವ ಇಗ್ನಿಷನ್ ಮಾಡ್ಯೂಲ್ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗ), ಒಳಗಿನ ತಂತಿ ಕಡಿದ ಕಾಯಿಲ್, ಮತ್ತು ಗಾಳಿ ಹೋಗಲು ದಾರಿ ಮುಚ್ಚಿದ ಟ್ಯಾಂಕ್. ಇವುಗಳನ್ನು ಪ್ರತ್ಯೇಕಿಸಲು ಸಿಗುವ ಸಮಯ ಎಂಜಿನ್ ಸತ್ತ ಮೊದಲ ಐದು ನಿಮಿಷ ಮಾತ್ರ. ಗ್ಯಾರೇಜ್ ತಲುಪುವ ಹೊತ್ತಿಗೆ ಸಾಕ್ಷ್ಯ ತಣ್ಣಗಾಗಿರುತ್ತದೆ, ಮೆಕ್ಯಾನಿಕ್ "ಎಲ್ಲಾ ಸರಿಯಿದೆ" ಎನ್ನುತ್ತಾರೆ, ಅವರದೂ ತಪ್ಪಲ್ಲ. ಆದ್ದರಿಂದ ಸ್ಪಾರ್ಕ್ ಟೆಸ್ಟರ್ ಗಾಡಿಯಲ್ಲೇ ಇರಲಿ. ಸುರಕ್ಷಿತವಾಗಿ ಬದಿಗೆ ನಿಲ್ಲಿಸಿದ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಗಾಳಿ ಜೋರಾಗಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಎಂಜಿನ್ ಓಡಿದರೆ ಉತ್ತರ ಸಿಕ್ಕಿತು. ಇಲ್ಲದಿದ್ದರೆ ಕಿಡಿ ನೋಡಿ. ಕಿಡಿ ಇಲ್ಲವಾದರೆ ಇಂಧನಕ್ಕೂ ಇದಕ್ಕೂ ಸಂಬಂಧವಿಲ್ಲ. ಕಿಡಿ ಇದ್ದರೆ, ಎಂಜಿನ್ ನಿಂತಿರುವಾಗಲೇ ಏರ್ ಫಿಲ್ಟರ್ ಎತ್ತಿ ಕಾರ್ಬ್ಯುರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು, ಥ್ರಾಟಲ್ ಲಿವರನ್ನು ಕೈಯಿಂದ ತೆರೆಯಿರಿ. ಸಣ್ಣ ರಂಧ್ರಗಳಿಂದ ಪೆಟ್ರೋಲ್ ಚಿಮ್ಮಿದರೆ ಕಾರ್ಬ್ಯುರೇಟರ್‌ನಲ್ಲಿ ಇಂಧನವಿದೆ; ಒಣಗಿದ್ದರೆ ವೇಪರ್ ಲಾಕ್ ಅಥವಾ ಪಂಪ್ ದೋಷ. ಹೀಗೆ ಇಣುಕುತ್ತಿರುವಾಗ ಯಾರೂ ಕೀಲಿ ತಿರುಗಿಸಬಾರದು. ಒಳಗಿನಿಂದ ಬೆಂಕಿ ಮುಖಕ್ಕೆ ಹಾರಬಹುದು.

1980ರ ದಶಕದ ಫೋರ್ಡ್ ಎಂಜಿನ್‌ಗಳಲ್ಲಿ ಇಗ್ನಿಷನ್ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರ್‌ನ ಮೈಗೇ ಬಿಗಿದಿದ್ದರು. ಬಿಸಿಗೆ ಅದು ಕೈಕೊಡುವುದು ಪ್ರಸಿದ್ಧ. ಜನರಲ್ ಮೋಟರ್ಸ್‌ನ ಎಂಜಿನ್‌ಗಳಲ್ಲಿ ಅದು ಡಿಸ್ಟ್ರಿಬ್ಯೂಟರ್ ಒಳಗಿದೆ. ಹೊಸ ಮಾಡ್ಯೂಲ್ ಹಾಕುವಾಗ ಅದರ ಅಡಿಗೆ ಶಾಖ ಸಾಗಿಸುವ ಸಿಲಿಕೋನ್ ಗ್ರೀಸ್ ಹಚ್ಚುವುದನ್ನು ಮರೆತರೆ ಹೊಸದೂ ಬೇಗ ಸಾಯುತ್ತದೆ.

ವೇಪರ್ ಲಾಕ್ ಎಂದು ಖಚಿತವಾದರೆ ಕೊಳವೆಯನ್ನು ಎಕ್ಸಾಸ್ಟ್‌ನಿಂದ ದೂರ ಸರಿಸುವುದು, ನಡುವೆ ಶಾಖ ತಡೆಯುವ ಹೊದಿಕೆ ಹಾಕುವುದು ಮೊದಲ ಹೆಜ್ಜೆ. ಶಾಶ್ವತ ಪರಿಹಾರವೆಂದರೆ ಟ್ಯಾಂಕಿನ ಹತ್ತಿರ ಕಡಿಮೆ ಒತ್ತಡದ ವಿದ್ಯುತ್ ಪಂಪ್ ಕೂರಿಸುವುದು. ಆಗ ಕೊಳವೆಯುದ್ದಕ್ಕೂ ಒತ್ತಡ ಹೆಚ್ಚಿ ಪೆಟ್ರೋಲ್ ಸುಲಭವಾಗಿ ಕುದಿಯುವುದಿಲ್ಲ. ಎಂಜಿನ್ ನಿಂತಾಗ ಪಂಪ್ ತಾನಾಗಿ ನಿಲ್ಲುವಂತೆ ಆಯಿಲ್ ಒತ್ತಡದ ಸ್ವಿಚ್ ಮೂಲಕ ಅದಕ್ಕೆ ವಿದ್ಯುತ್ ಕೊಡಬೇಕು. ಇಲ್ಲದಿದ್ದರೆ ಅಪಘಾತದಲ್ಲಿ ಕೊಳವೆ ಹರಿದರೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಇಂಧನದ ಕೊಳವೆಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್‌ಗಳನ್ನು ಸಾಲಾಗಿ ಸಿಕ್ಕಿಸುವ ಹಳೆಯ ಉಪಾಯವನ್ನು ಇಂದಿಗೂ ಕೆಲವರು ಹೇಳುತ್ತಾರೆ. ಅದರಿಂದ ಕೆಡುಕೇನೂ ಇಲ್ಲ, ಅದನ್ನು ನಂಬಿ ಘಾಟಿ ಹತ್ತದಿದ್ದರೆ ಆಯಿತು.

ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ರೇಡಿಯೇಟರ್ ಬದಲಾಯಿಸಬೇಕೇ?

ಯಾವಾಗ ಏರುತ್ತದೆ ಎಂಬುದು ಅರ್ಧ ಉತ್ತರ. ನಿಂತಿರುವಾಗ ಅಥವಾ ನಿಧಾನವಾಗಿ ಸಾಗುವಾಗ ಏರಿ, ವೇಗ ಹಿಡಿದಾಗ ಇಳಿದರೆ ಗಾಳಿಯ ಕೊರತೆ. ಫ್ಯಾನ್ ಕಡೆ ನೋಡಿ. ವೇಗದಲ್ಲಿ, ಏರಿನಲ್ಲಿ ಏರಿ ನಿಂತಾಗ ಇಳಿದರೆ ನೀರಿನ ಹರಿವು ಸಾಲುತ್ತಿಲ್ಲ. ರೇಡಿಯೇಟರ್, ಥರ್ಮೋಸ್ಟಾಟ್, ಕೆಳಗಿನ ಹೋಸ್ ಕಡೆ ನೋಡಿ. ತಣ್ಣನೆಯ ಎಂಜಿನ್ ಹೊತ್ತಿಸಿದ ಕೆಲವೇ ನಿಮಿಷದಲ್ಲಿ ಏರಿದರೆ ಉಷ್ಣತೆ ಅಳೆದು ಮುಳ್ಳಿಗೆ ತಿಳಿಸುವ ಸೆಂಡರ್ ಕೆಟ್ಟಿರಬಹುದು, ಅಥವಾ ಕೂಲೆಂಟ್ ಕಡಿಮೆಯಾಗಿ ಗಾಳಿ ಸೇರಿರಬಹುದು. ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ ಗೂಡಿನ ನಿಜವಾದ ಉಷ್ಣತೆ ಗೊತ್ತಾಗುತ್ತದೆ, ಮುಳ್ಳಿನ ಮಾತು ಸುಳ್ಳೋ ನಿಜವೋ ತಿಳಿಯುತ್ತದೆ.

ಅಗ್ಗದ ಭಾಗದಿಂದ ಶುರುಮಾಡುವುದಾದರೆ ರೇಡಿಯೇಟರ್ ಮುಚ್ಚಳ. ನೀರು ಮತ್ತು ಆಂಟಿಫ್ರೀಜ್ ಸಮಭಾಗ ಬೆರೆಸಿದ ಕೂಲೆಂಟ್ ಬರಿಯ ವಾತಾವರಣದ ಒತ್ತಡದಲ್ಲಿ ಸುಮಾರು 106 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. 15 ಪಿಎಸ್‌ಐ ಮುಚ್ಚಳ ಸರಿಯಾಗಿದ್ದರೆ ಅದು ಸುಮಾರು 129 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಆ ಅಂತರ ಪೂರ್ತಿ ಕೈತಪ್ಪುತ್ತದೆ. ಎಂಜಿನ್ ಬಿಸಿಯಿರುವಾಗ ಈ ಮುಚ್ಚಳಕ್ಕೆ ಕೈ ಹಾಕಬಾರದೆಂಬುದು ಎಲ್ಲರಿಗೂ ಗೊತ್ತು, ಆದರೂ ಸುಟ್ಟುಕೊಳ್ಳುವವರು ಇದ್ದೇ ಇದ್ದಾರೆ.

ಫ್ಯಾನ್‌ಗೆ ಸ್ನಿಗ್ಧ ದ್ರವದ ಕ್ಲಚ್ ಇರುತ್ತದೆ. ಎಂಜಿನ್ ಬಿಸಿಯಾಗಿ ನಿಂತ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಬಿಗಿಯಾಗಿ ತಡೆಯಬೇಕು. ಬುಗುರಿಯಂತೆ ಸುತ್ತಿದರೆ ಕ್ಲಚ್ ಸತ್ತಿದೆ. ಏರಿನಲ್ಲಿ ಒಮ್ಮೆಲೇ ಭೋರ್ಗರೆಯುವ ಸದ್ದು ಬಂದರೆ ಹೊಸಬರು ಗೇರ್‌ಬಾಕ್ಸ್ ಹೋಯಿತೆಂದು ಗಾಬರಿಯಾಗುತ್ತಾರೆ. ಅದು ಫ್ಯಾನ್ ಕ್ಲಚ್ ಕೆಲಸ ಮಾಡುತ್ತಿರುವ ಸದ್ದು, ಬರದಿದ್ದರೆ ಚಿಂತಿಸಬೇಕು.

ಬಹುತೇಕರ ಕಣ್ಣು ತಪ್ಪಿಸುವುದು ರೇಡಿಯೇಟರ್‌ನ ಕೆಳಗಿನ ಹೋಸ್. ಅದು ವಾಟರ್ ಪಂಪ್ ಹೀರುವ ಕಡೆಯದು. ಚಪ್ಪಟೆಯಾಗದಂತೆ ಹಲವು ಹೋಸ್‌ಗಳೊಳಗೆ ಸ್ಪ್ರಿಂಗ್ ಇರುತ್ತದೆ. ಆ ಸ್ಪ್ರಿಂಗ್ ತುಕ್ಕು ಹಿಡಿದು ಕರಗಿದ್ದು, ರಬ್ಬರ್ ಮೆತ್ತಗಾಗಿದ್ದರೆ, ಎಂಜಿನ್ ವೇಗ ಹೆಚ್ಚಿದಾಗ ಹೋಸ್ ಒಳಮುಖವಾಗಿ ಅಂಟಿಕೊಂಡು ನೀರಿನ ದಾರಿಯನ್ನೇ ಮುಚ್ಚುತ್ತದೆ. ಗಾಡಿ ನಿಲ್ಲಿಸಿ ನೋಡಿದರೆ ಅದು ಮತ್ತೆ ದುಂಡಗಾಗಿರುತ್ತದೆ. ಆದ್ದರಿಂದ ಒಬ್ಬರು ಆಕ್ಸಿಲರೇಟರ್ ಒತ್ತಿ ವೇಗ ಏರಿಸುತ್ತಿರುವಾಗ ಇನ್ನೊಬ್ಬರು ಫ್ಯಾನ್‌ನಿಂದ ದೂರ ನಿಂತು ಹೋಸನ್ನು ನೋಡಬೇಕು. ಹೋಸ್‌ನ ಬದಿಗಳು ಒಳಕ್ಕೆ ಸೇದಿಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ.

ರೇಡಿಯೇಟರ್‌ನ ಮುಂದೆ ಎ.ಸಿ. ಕಂಡೆನ್ಸರ್ ಇದ್ದರೆ ಎರಡರ ನಡುವೆ ವರ್ಷಗಟ್ಟಲೆ ಧೂಳು, ಹುಳು, ಹುಲ್ಲು ಸೇರಿ ಕಂಬಳಿಯಂತಾಗಿರುತ್ತದೆ, ಮುಂದಿನಿಂದ ಕಾಣುವುದಿಲ್ಲ. ಇವೆಲ್ಲ ಸರಿಯಿದ್ದ ಮೇಲೂ ಬಿಸಿಯಾದರೆ ರೇಡಿಯೇಟರ್ ಒಳಗೆ ಮಡ್ಡಿ ಕಟ್ಟಿದೆ ಎಂದು ತಿಳಿಯಬೇಕು. ಅದರ ಮೈಮೇಲೆ ಥರ್ಮಾಮೀಟರ್ ಹಾಯಿಸಿದರೆ ಕಟ್ಟಿಕೊಂಡ ಭಾಗಗಳು ಉಳಿದ ಕಡೆಗಿಂತ ತಣ್ಣಗಿರುತ್ತವೆ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಹಾಕಿ, ಕಡಿಮೆ ಗೇರಿಗೆ ಇಳಿಸಿ ಆಕ್ಸಿಲರೇಟರ್ ಸಡಿಲಿಸಬೇಕು. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಒಳಗೆ ಬೆವರುವುದು ಎಂಜಿನ್ ಕಳೆದುಕೊಳ್ಳುವುದಕ್ಕಿಂತ ಮೇಲು.

ಕೂಲೆಂಟ್ ಕಡಿಮೆಯಾಗುತ್ತಲೇ ಇದೆ, ಸೋರುವುದು ಎಲ್ಲೂ ಕಾಣುವುದಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆಯೇ?

ಮೊದಲು ಹೀಟರ್ ಪೈಪ್‌ಗಳನ್ನು ಹಿಂಬಾಲಿಸಿ. ಕೆಲವು ಮೋಟರ್‌ಹೋಮ್‌ಗಳಲ್ಲಿ ಅವು ಒಳಗಿನ ನೀರಿನ ಹೀಟರ್‌ವರೆಗೂ, ಹಿಂದಿನ ಹೀಟರ್‌ವರೆಗೂ ಹೋಗಿರುತ್ತವೆ. ಸೋರಿದ್ದು ಹಾಸಿಗೆಯ ಕೆಳಗೆ ಇಂಗಿಹೋಗಿರುತ್ತದೆ. ಅಲ್ಲೆಲ್ಲ ಒಣಗಿದ್ದರೆ ಕೂಲೆಂಟ್‌ನಲ್ಲಿ ದಹನದ ಅನಿಲವಿದೆಯೇ ಎಂದು ರಾಸಾಯನಿಕ ಪರೀಕ್ಷೆ ಮಾಡಬೇಕು: ರೇಡಿಯೇಟರ್ ಬಾಯಿಗಿಟ್ಟ ನಳಿಕೆಯ ನೀಲಿ ದ್ರವ ಹಳದಿಗೆ ತಿರುಗಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ ಅಥವಾ ಹೆಡ್ ಬಿರುಕು ಬಿಟ್ಟಿದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಕಾಣುವ ಹಾಲಿನ ಬಣ್ಣದ ನೊರೆಯನ್ನು ನೋಡಿ ಹೆಡ್ ಬಿಚ್ಚಿಸಬೇಡಿ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸದಿದ್ದರೂ ತೇವ ಸೇರಿ ಅಂಥ ನೊರೆ ಬರುತ್ತದೆ.

ಏರಿನಲ್ಲಿ ಎಂಜಿನ್ ಮಿಸ್ ಹೊಡೆಯುತ್ತದೆ, ಎಳೆತವಿಲ್ಲ.

ಭಾರ ಬಿದ್ದಾಗ ಮಾತ್ರ ಮಿಸ್ ಹೊಡೆದರೆ ಪ್ಲಗ್ ಮತ್ತು ಪ್ಲಗ್ ವಯರ್‌ಗಳನ್ನು ಮೊದಲು ಶಂಕಿಸಬೇಕು. ಮ್ಯಾನಿಫೋಲ್ಡ್‌ಗೆ ತಾಗಿ ಸುಟ್ಟ ವಯರ್‌ಗಳನ್ನು ಹಗಲಿನಲ್ಲಿ ಹುಡುಕುವುದು ಕಷ್ಟ. ಕತ್ತಲಲ್ಲಿ ಎಂಜಿನ್ ಓಡುವಾಗ ನೋಡಿದರೆ ಕಿಡಿ ಹೊರಗೆ ಹಾರುವುದು ತಾನಾಗಿ ಕಾಣುತ್ತದೆ. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಟ್ಟು ಓದಬೇಕು. ತಿಳಿ ಕಂದು ಬಣ್ಣ ಸರಿ. ಒಣ ಮಸಿ ಇಂಧನ ಹೆಚ್ಚೆಂದೂ, ಜಿಡ್ಡಾದ ಕಪ್ಪು ಆಯಿಲ್ ನುಗ್ಗುತ್ತಿದೆಯೆಂದೂ, ಸುಣ್ಣದ ಬಿಳುಪು ಇಂಧನ ಸಾಲದೆಂದೂ ಹೇಳುತ್ತವೆ.

ಮಿಸ್ ಇಲ್ಲದೆ ಬರೀ ಎಳೆತ ಕಡಿಮೆಯಾಗಿದ್ದರೆ ಫ್ಯೂಯೆಲ್ ಫಿಲ್ಟರ್ ಬದಲಾಯಿಸಿ, ಆಮೇಲೆ ವ್ಯಾಕ್ಯೂಮ್ ಗೇಜ್ ಹಾಕಿ. ಸಮುದ್ರ ಮಟ್ಟದಲ್ಲಿ ಐಡ್ಲಿಂಗ್‌ನಲ್ಲಿ ಮುಳ್ಳು ಪಾದರಸದ 17ರಿಂದ 21 ಇಂಚಿನ ನಡುವೆ ಅಲುಗದೆ ನಿಲ್ಲಬೇಕು, ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಕ್ರಮಬದ್ಧವಾಗಿ ಮುಳ್ಳು ಕುಟುಕಿದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಎಂಜಿನ್ ವೇಗವನ್ನು ನಿಮಿಷಕ್ಕೆ 2500 ಸುತ್ತಿನಲ್ಲಿ (ಆರ್‌ಪಿಎಂ) ಹಿಡಿದಿಟ್ಟಾಗ ಮುಳ್ಳು ನಿಧಾನವಾಗಿ ಕುಸಿಯುತ್ತ ಹೋದರೆ ಸೈಲೆನ್ಸರ್ ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ.

ಇದಿಷ್ಟರ ಜೊತೆಗೆ ನಿರೀಕ್ಷೆಯೂ ಹದದಲ್ಲಿರಬೇಕು. 7.5 ಲೀಟರಿನ ಫೋರ್ಡ್ 460 ಆದರೂ ಐದಾರು ಟನ್ ಹೊತ್ತು ಕಡಿದಾದ ಏರಿನಲ್ಲಿ ಲಾರಿಗಳ ಹಿಂದೆಯೇ ಸಾಗುತ್ತದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, ಪ್ರತಿ 300 ಮೀಟರಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕುಗ್ಗುತ್ತದೆ. ಅದು ರೋಗವಲ್ಲ.

ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದ ಮೇಲೆ ನಿಲ್ಲುತ್ತದೆ. ನಿರ್ಲಕ್ಷಿಸಬಹುದೇ?

ಬೇಡ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿರಬಹುದು ಅಥವಾ ಅದರ ಬೋಲ್ಟ್ ಮುರಿದಿರಬಹುದು. ಲೋಹ ಹಿಗ್ಗಿದಾಗ ಸಂದು ಮುಚ್ಚಿ ಸದ್ದು ನಿಲ್ಲುತ್ತದೆ. ಎಂಜಿನ್ ಗೂಡು ಆಸನಗಳ ನಡುವೆಯೇ ಇರುವ ವಾಹನದಲ್ಲಿ ಅದರ ಮುಚ್ಚಳದ ರಬ್ಬರ್ ಹರಿದಿದ್ದರೆ ಕಾರ್ಬನ್ ಮಾನಾಕ್ಸೈಡ್ ನೇರವಾಗಿ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೋಲ್ಟ್ ಸರಿಮಾಡಿಸುವುದರ ಜೊತೆಗೆ ಮುಚ್ಚಳದ ರಬ್ಬರನ್ನೂ ಬದಲಾಯಿಸಿ, ಕೆಲಸ ಮಾಡುವ ಮಾನಾಕ್ಸೈಡ್ ಅಲಾರಂ ಒಳಗಿಡಬೇಕು.

ಹೊಗೆಯ ಬಣ್ಣದಿಂದ ಏನು ತಿಳಿಯುತ್ತದೆ?

ನೀಲಿ ಹೊಗೆ ಆಯಿಲ್ ಉರಿಯುವುದರದ್ದು. ಹೊತ್ತಿಸಿದಾಗ ಮಾತ್ರ ಒಂದು ಮುಷ್ಟಿಯಷ್ಟು ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ, ಓಡಿದಷ್ಟೂ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಕಪ್ಪು ಹೊಗೆ ಇಂಧನ ಹೆಚ್ಚಾದದ್ದರದ್ದು. ಪೆಟ್ರೋಲ್ ಎಂಜಿನ್‌ನಲ್ಲಿ ಬಿಸಿಯಾದರೂ ತೆರೆಯದ ಚೋಕ್ ಬಹಳ ಸಾಮಾನ್ಯ ಕಾರಣ. ಬಿಳಿ ಹೊಗೆ ಚಳಿಯಲ್ಲಿ ಬರೀ ನೀರಾವಿ. ಬಿಸಿಯಾದ ಮೇಲೂ ಸಿಹಿ ವಾಸನೆಯೊಂದಿಗೆ ಮುಂದುವರಿದರೆ ಕೂಲೆಂಟ್, ಡೀಸೆಲ್ ಎಂಜಿನ್‌ನಲ್ಲಿ ಕಣ್ಣುರಿಸುವಂತಿದ್ದರೆ ಉರಿಯದ ಡೀಸೆಲ್.

ಹಳೆಯ ಡೀಸೆಲ್ ಎಂಜಿನ್ ಚಳಿಯಲ್ಲಿ ಏಳುವುದೇ ಇಲ್ಲ. ಪಂಪ್ ರಿಪೇರಿಗೆ ಕೊಡಬೇಕೇ?

ಇಂಜೆಕ್ಷನ್ ಪಂಪ್ ಬಿಚ್ಚುವುದು ದುಬಾರಿ ಕೆಲಸ, ಕೊನೆಯ ಸರದಿ ಅದಕ್ಕಿರಲಿ. ಎಬ್ಬಿಸುವಾಗ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಿಕೊಳ್ಳುವಷ್ಟು ಬಿಸಿಯಿಲ್ಲ. ಸಿಲಿಂಡರ್ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್‌ಗಳನ್ನು ನೋಡಬೇಕು. ಒಂದೊಂದರ ತಂತಿ ಬಿಚ್ಚಿ ತುದಿಯಿಂದ ಎಂಜಿನ್‌ಗೆ ಓಮ್ ಅಳತೆ ನೋಡಿದರೆ ಒಂದೆರಡು ಓಮ್‌ಗಿಂತ ಕಡಿಮೆ ಇರಬೇಕು, ಸಂಪರ್ಕವೇ ಇಲ್ಲದಿದ್ದರೆ ಅದು ಸುಟ್ಟಿದೆ. ಕೆಲವು ಹಳೆಯ ಮರ್ಸಿಡಿಸ್ ಡೀಸೆಲ್‌ಗಳಲ್ಲಿ ಪ್ಲಗ್‌ಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಸುಟ್ಟರೆ ಎಲ್ಲವೂ ಆರುತ್ತವೆ.

ಹೊಗೆಯೇ ಬರದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಕೀಲಿ ಹಾಕಿದಾಗ ಪಂಪಿನ ಮೇಲಿರುವ ಸ್ಟಾಪ್ ಸೊಲೆನಾಯ್ಡ್ "ಟಕ್" ಎನ್ನಬೇಕು. ಎನ್ನದಿದ್ದರೆ ಅದಕ್ಕೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಅದು ಸರಿಯಿದ್ದರೆ ಗಾಳಿ ಸೇರಿರುವ ಶಂಕೆ. ಫಿಲ್ಟರ್‌ಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿದರೆ ಗುಳ್ಳೆಗಳು ಹರಿಯುವುದು ಕಣ್ಣಿಗೇ ಕಾಣುತ್ತದೆ. ರಾತ್ರಿ ನಿಂತಾಗ ಸಣ್ಣ ಸಂದಿನಿಂದ ಗಾಳಿ ಒಳನುಗ್ಗಿ ಡೀಸೆಲ್ ಟ್ಯಾಂಕಿಗೆ ಹಿಂತಿರುಗುತ್ತದೆ. ಹೊರಗೆ ಒಂದು ಹನಿಯೂ ಸೋರದೆ ಹೀಗಾಗಬಹುದು. ಫಿಲ್ಟರ್ ಒಳಗೆ ಕಪ್ಪು ಲೋಳೆ ಕಂಡರೆ ಟ್ಯಾಂಕಿನ ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ. ಟ್ಯಾಂಕ್ ತೊಳೆಯದೆ ಫಿಲ್ಟರ್ ಬದಲಾಯಿಸುವುದು ವ್ಯರ್ಥ. ಓಡುವ ಡೀಸೆಲ್ ಎಂಜಿನ್‌ನ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು. ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ಕೊರೆದು ಒಳಹೋಗುತ್ತದೆ, ಅದಕ್ಕೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

"ಚೆಕ್ ಎಂಜಿನ್" ದೀಪ ಉರಿಯುತ್ತದೆ, ಸ್ಕ್ಯಾನರ್ ಹಾಕುವ ಜಾಗವೇ ಇಲ್ಲ.

1996ಕ್ಕಿಂತ ಹಿಂದಿನ ಅಮೆರಿಕದ ಚಾಸಿಗಳಲ್ಲಿ ಈಗಿನ ಸಾಮಾನ್ಯ ಸಾಕೆಟ್ ಇರುವುದಿಲ್ಲ. ಜನರಲ್ ಮೋಟರ್ಸ್‌ನ 12 ಪಿನ್ ಸಾಕೆಟ್ ಇದ್ದರೆ ಎ ಮತ್ತು ಬಿ ಪಿನ್‌ಗಳನ್ನು ತಂತಿಯಿಂದ ಜೋಡಿಸಿ, ಎಂಜಿನ್ ಹೊತ್ತಿಸದೆ ಕೀಲಿ ಹಾಕಿದರೆ ದೀಪವೇ ಮಿಟುಕಿ ದೋಷದ ಸಂಖ್ಯೆ ಹೇಳುತ್ತದೆ. ಒಂದು ಮಿಟುಕು, ಬಿಡುವು, ಎರಡು ಮಿಟುಕು ಎಂದರೆ 12. ಪರೀಕ್ಷೆ ಶುರುವಾಗಿದೆ ಎಂದಷ್ಟೇ ಅದರ ಅರ್ಥ. ಪ್ರತಿಯೊಂದು ಸಂಖ್ಯೆಯೂ ಮೂರು ಸಲ ಬರುತ್ತದೆ, ಅವಸರವಿಲ್ಲದೆ ಬರೆದುಕೊಳ್ಳಬಹುದು.

ಆಯಿಲ್ ಒತ್ತಡ ಸೊನ್ನೆ ತೋರಿಸುತ್ತದೆ.

ತಕ್ಷಣ ಎಂಜಿನ್ ಆರಿಸಿ, ಡಿಪ್‌ಸ್ಟಿಕ್ ನೋಡಿ. ಆಯಿಲ್ ಸಾಕಷ್ಟಿದ್ದರೆ ಸೆಂಡರ್ ಜಾಗದಲ್ಲಿ ಯಾಂತ್ರಿಕ ಗೇಜ್ ಹಾಕಿ ಅಳೆಯಬೇಕು. ಸೆಂಡರ್‌ಗಳು ಎಂಜಿನ್‌ಗಿಂತ ಮೊದಲು ಸಾಯುತ್ತವೆ. ಬಿಸಿ ಎಂಜಿನ್‌ನಲ್ಲಿ ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಮೆಕ್ಯಾನಿಕ್‌ಗಳ ರೂಢಿಯ ಲೆಕ್ಕ.

ಬಿಡಿಭಾಗದ ಅಂಗಡಿಯಲ್ಲಿ ಮೋಟರ್‌ಹೋಮ್‌ನ ಹೆಸರು ಹೇಳಿದರೆ ಏನೂ ಸಿಗುವುದಿಲ್ಲ. ಹೇಗೆ ಕೇಳಬೇಕು?

ಮನೆಯ ಭಾಗ ಕಟ್ಟಿದ ಕಂಪನಿ ಬೇರೆ, ಚಾಸಿ ಮತ್ತು ಎಂಜಿನ್ ಮಾಡಿದ ಕಂಪನಿ ಬೇರೆ. ಬಿಡಿಭಾಗ ಕೇಳಬೇಕಾದದ್ದು ಚಾಸಿಯ ಹೆಸರು, ಎಂಜಿನ್‌ನ ಗಾತ್ರ ಮತ್ತು ಚಾಸಿಯ ತಯಾರಿಕೆಯ ವರ್ಷದಿಂದ. ಚಾಸಿ ಎಷ್ಟೋ ಸಲ ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಕಾದು ಮರುವರ್ಷದ ಮೋಟರ್‌ಹೋಮ್ ಆಗಿ ಮಾರಾಟವಾಗಿರುತ್ತದೆ, ಆದ್ದರಿಂದ ದಾಖಲೆಯ ವರ್ಷವನ್ನು ನಂಬದೆ ಚಾಸಿ ಸಂಖ್ಯೆಯನ್ನೇ ಕೊಡಬೇಕು.

ಎಂಜಿನ್ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಬೇಕೆಂದು ಹೇಳಿದ್ದಾರೆ. ಒಪ್ಪಬಹುದೇ?

ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡದ) ಸಂಖ್ಯೆಗಳನ್ನು ಬರೆದು ತೋರಿಸದೆ ಹೇಳಿದ್ದರೆ ಒಪ್ಪಬೇಡಿ. ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರಿಗೂ ಎಂಜಿನನ್ನು ಒಂದೇ ಸಂಖ್ಯೆಯ ಸುತ್ತು ತಿರುಗಿಸಿ ಅಳೆದಾಗ ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇಕಡಾ 75ಕ್ಕಿಂತ ಕೆಳಗಿದ್ದರೆ ಮಾತ್ರ ಚಿಂತಿಸಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಸಂಖ್ಯೆ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ವಾಲ್ವ್ ಕೆಲಸಕ್ಕೆ ಹೆಡ್ ಬಿಚ್ಚಿದರೆ ಸಾಕು, ಎಂಜಿನ್ ಹೊರಗೆಳೆಯಬೇಕಿಲ್ಲ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಅಂಟಿಕೊಂಡ ರಿಂಗ್‌ಗಳು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬಿಡಿಸಿಕೊಳ್ಳುವುದೂ ಉಂಟು. ನಿಂತಿದ್ದು ಈಗಷ್ಟೇ ಹೊರಟ ಗಾಡಿಯಾದರೆ ತೀರ್ಪನ್ನು ಸ್ವಲ್ಪ ಮುಂದೂಡುವುದು ಜಾಣತನ.

ಮುಂದಿನ ಪ್ರವಾಸದವರೆಗೆ ನಿಲ್ಲಿಸಿಡುವಾಗ ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಸಾಕೇ?

ಅದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು. ಐದು ನಿಮಿಷದಲ್ಲಿ ಆಯಿಲ್ ಬಿಸಿಯಾಗುವುದಿಲ್ಲ, ದಹನದಿಂದ ಹುಟ್ಟಿದ ನೀರು ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಉಳಿಯುತ್ತದೆ, ಸ್ಟಾರ್ಟರ್ ತೆಗೆದುಕೊಂಡ ಚಾರ್ಜ್ ಬ್ಯಾಟರಿಗೆ ಮರಳುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಭಾರ ಕೊಟ್ಟು ಓಡಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಹೊತ್ತಿಸದೇ ಇರುವುದು ಮೇಲು. ನಿಲ್ಲಿಸುವ ಮೊದಲು ಆಯಿಲ್ ಬದಲಾಯಿಸಿ, ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬ್ಯುರೇಟರ್‌ವರೆಗೂ ತಲುಪುವಂತೆ ಹತ್ತು ನಿಮಿಷ ಓಡಿಸಬೇಕು. ಜನರೇಟರನ್ನೂ ಹಾಗೆಯೇ ಓಡಿಸಿ ಆರಿಸಬೇಕು. ಎಂಜಿನ್ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿಡಬೇಕು. ಮತ್ತೆ ಹೊರಡುವ ದಿನ ಕೀಲಿ ತಿರುಗಿಸುವ ಮುನ್ನ ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ಇಲಿಗಳು ಗೂಡು ಕಟ್ಟಿವೆಯೇ, ತಂತಿಗಳನ್ನು ಕಡಿದಿವೆಯೇ ಎಂದು ನೋಡಿ, ಅನಂತರ ಕೊಳವೆಗಳ ಕೆಳಗೆ ನೆಲ ಒಣಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು.